ಸೆಂಡಾಯಿಯಲ್ಲಿ ಬಚ್ಚಿಟ್ಟ ಸೂತಕ

ಮಕ್ಕಳೇ, ನಿಮ್ಮ ಅಮ್ಮನಿಗೆ ನಾನು ಒಮ್ಮೆ ಐದು ದಿನ ಸುಳ್ಳು ಹೇಳಿದ್ದೆ. ಬಾಯಿ ಮುಚ್ಚಿಕೊಂಡು ಹೇಳಿದ ಸುಳ್ಳು ಅದು. ಎದುರಿಗೆ ಕೂರಿಸಿಕೊಂಡು ಹೇಳಲು ನನಗೆ ನಾಚಿಕೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಕಲಿತ ಅಕ್ಷರ ಕೈಯಲ್ಲಿ ಇನ್ನೂ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೊರೋನಾ ಬಂದ ವರ್ಷ ನಾನು ಜಪಾನಿನ ಈ ಸೆಂಡಾಯಿಗೆ ಬಂದದ್ದು ನಿಮ್ಮಮ್ಮನ ಎರಡನೇ ಬಾಣಂತನಕ್ಕೆ. ಬಂದು ಸ್ವಲ್ಪ ದಿನಕ್ಕೆ ವಿಮಾನಗಳು ನಿಂತವು. ದೊಡ್ಡವಳೇ, ಆಗ ನಿನಗೆ ಐದು ವರ್ಷ. ಚಿಕ್ಕವಳೇ, ನೀನು ಇನ್ನೂ ಹೊಟ್ಟೆಯಲ್ಲಿದ್ದೆ. ಯೂನಿವರ್ಸಿಟಿ ಮುಚ್ಚಿದ್ದರಿಂದ ನಿಮ್ಮಮ್ಮ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ಅದರ ಕ್ಯಾಮೆರಾಕ್ಕೆ ಬೀಳದ ಹಾಗೆ ನಾನು ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗಿಬರುತ್ತಿದ್ದೆ.

ಅವಳ ಕೆಲಸ ಏನೆಂದರೆ, ಎರಡು ಸಾವಿರ ವರ್ಷದ ಹಿಂದೆ ರೋಮಿನವರು ಬರೆದ ಕಾವ್ಯವನ್ನು ನಮ್ಮ ಸಂಸ್ಕೃತದ ಕಾವ್ಯಗಳ ಪಕ್ಕದಲ್ಲಿಟ್ಟು ನೋಡುವುದು. ಅವಳಿಗೆ ಸಂಸ್ಕೃತದ ಮೊದಲ ಪಾಠ ಹೇಳಿಕೊಟ್ಟವರು ನನ್ನ ಭಾವ, ಅಂದರೆ ನಿಮ್ಮ ಅಜ್ಜನ ಅಣ್ಣ. ಅಜ್ಜ ಹೋದಾಗ ಅವಳಿಗೆ ಹನ್ನೊಂದು ವರ್ಷ. ಆಮೇಲೆ ಅವಳ ಪಾಲಿಗೆ ಅಪ್ಪ ಅಂತ ಇದ್ದವರು ಆ ದೊಡ್ಡಪ್ಪನೇ.

ಮಧ್ಯಾಹ್ನ ನಾನು ತಲೆಗೆ ಎಣ್ಣೆ ಹಚ್ಚುವಾಗ ಅವಳು ಆ ಕಾವ್ಯದ ಕಥೆ ಹೇಳುತ್ತಿದ್ದಳು. ಶತ್ರುಗಳು ಪಟ್ಟಣಕ್ಕೆ ಬೆಂಕಿ ಇಟ್ಟಿದ್ದಾರೆ. ಒಬ್ಬ ವೀರ ಮುದಿ ಅಪ್ಪನನ್ನು ಹೆಗಲ ಮೇಲೆ ಹೊತ್ತು, ಮಗನ ಕೈ ಹಿಡಿದು ಹೊರಟಿದ್ದಾನೆ. ಹಿಂದೆ ಬರುತ್ತಿದ್ದ ಹೆಂಡತಿ ದಾರಿಯಲ್ಲಿ ತಪ್ಪಿಹೋಗುತ್ತಾಳೆ. ಮನೆದೇವರುಗಳನ್ನು ಹಿಡಿದುಕೊಂಡಿರುವವನು ಹೆಗಲ ಮೇಲಿನ ಅಪ್ಪ. ಹೊತ್ತ ವೀರನ ಕೈಗೆ ಯುದ್ಧದ ರಕ್ತ ಅಂಟಿದೆ, ಹರಿಯುವ ನೀರಲ್ಲಿ ತೊಳೆದುಕೊಳ್ಳುವ ತನಕ ಅವನು ದೇವರನ್ನು ಮುಟ್ಟುವ ಹಾಗಿಲ್ಲ.

"ಅಯ್ಯೋ, ಅವರಿಗೂ ಮೈಲಿಗೆ ಇತ್ತಾ?" ಎಂದೆ.

"ನಿನ್ನ ಕೈಗೆ ಸಿಕ್ಕಿದ್ರೆ ಇನ್ನೂ ಎರಡು ಚೊಂಬು ನೀರು ಹುಯ್ಯಿಸ್ತಿದ್ದೆ ಅವನಿಗೆ," ಎಂದು ನಕ್ಕಳು. ಆಮೇಲೆ, "ಅವನಿಗೊಂದು ಬಿರುದು ಇದೆ ಅಮ್ಮ. ದೇವರಿಗೆ, ಅಪ್ಪನಿಗೆ, ತನ್ನವರಿಗೆ, ಯಾರಿಗೆ ಏನು ಸಲ್ಲಬೇಕೋ ಅದನ್ನ ಸಲ್ಲಿಸೋನು ಅಂತ. ಧರ್ಮಿಷ್ಠ ಅಂದ್ರೆ ಬೇರೆ ಆಗುತ್ತೆ. ಭಕ್ತ ಅಂದ್ರೆ ಇನ್ನೂ ಬೇರೆ. ಕನ್ನಡದಲ್ಲಿ ಒಂದು ಮಾತು ಸಿಗ್ತಾ ಇಲ್ಲ."

ನಾನು ಅನುಮಾನದಲ್ಲೇ ಅಂದೆ, "ನಡಕೊಳ್ಳೋನು ಅನ್ನಬಹುದಲ್ವೇನೇ? ದೇವರಿಗೆ ನಡಕೊಳ್ತಾರೆ, ಹಿರಿಯರಿಗೆ ನಡಕೊಳ್ತಾರೆ ಅಂತೀವಲ್ಲ."

ಅವಳು ಗಕ್ಕನೆ ತಿರುಗಿ, "ಅಮ್ಮಾ! ಇದನ್ನ ಇಷ್ಟು ದಿನ ಎಲ್ಲಿ ಇಟ್ಕೊಂಡಿದ್ದೆ?" ಎಂದು ಬರೆದುಕೊಂಡಳು. ನನ್ನ ಮಾತು ರೋಮಿನ ವೀರನಿಗೆ ಹೊಂದಿತಲ್ಲ ಎಂದು ಅವತ್ತೆಲ್ಲ ಒಳಗೊಳಗೇ ಹಿಗ್ಗುತ್ತಿದ್ದೆ.

ಆದರೆ ಆ ವೀರನ ಮೇಲೆ ಅವಳಿಗೆ ಸಿಟ್ಟೂ ಇತ್ತು. ದಿಕ್ಕಿಲ್ಲದೆ ಬಂದವನಿಗೆ ಒಬ್ಬ ರಾಣಿ ಆಶ್ರಯ ಕೊಡುತ್ತಾಳೆ, ಪ್ರೀತಿಸುತ್ತಾಳೆ. ನಿನ್ನ ವಿಧಿ ಬೇರೆ ಕಡೆ ಇದೆ, ಹೊರಡು ಎಂದು ದೇವರ ದೂತ ಬಂದು ಹೇಳಿದ ಮೇಲೆ ಅವನು ಅವಳಿಗೆ ತಿಳಿಸದೆ ಹಡಗು ಸಜ್ಜು ಮಾಡಿಸುತ್ತಾನೆ. ಅವರ ಭಾಷೆಯಲ್ಲಿ ವಿಧಿ ಅನ್ನುವುದಕ್ಕೆ ಆಡಿದ ಮಾತು ಅಂತ ಅರ್ಥವಂತೆ. ನಮ್ಮದು ಹಣೆಯಲ್ಲಿ ಬರೆದದ್ದು, ಅವರದ್ದು ದೇವರು ಬಾಯಿಬಿಟ್ಟು ಆಡಿದ್ದು.

"ಹೋಗ್ಲೇಬೇಕಿತ್ತು, ಒಪ್ಪೋಣ. ಹೇಳೋಕೆ ಏನಾಗಿತ್ತು?" ಎಂದಳು ನಿಮ್ಮಮ್ಮ.

"ಹೇಳಿದ್ರೆ ಸಂಕಟಪಡ್ತಾಳೆ ಅಂತ ಇರಬೇಕು."

"ಹೇಳದೇ ಇದ್ರೆ ಪಡಲ್ವಾ?"

ನಾನು ಎಣ್ಣೆ ಬಟ್ಟಲು ಎತ್ತಿಕೊಂಡು ಒಳಗೆ ಹೋದೆ.

ಒಂದು ಸೋಮವಾರ, ಅವಳಿಗೆ ದಿನ ತುಂಬಿದ್ದಾಗ, ಊರಿಂದ ನನ್ನ ನಾದಿನಿ ಫೋನ್ ಮಾಡಿದಳು. ಭಾವ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಮುಖ ನೋಡಲು ಮನೆಯವರನ್ನೂ ಬಿಟ್ಟಿರಲಿಲ್ಲ. ನಾನು ಬಚ್ಚಲುಮನೆಯ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ನಾದಿನಿಗೆ, "ಇವಳಿಗೆ ಯಾರೂ ಹೇಳಕೂಡದು. ದಿನ ತುಂಬಿದ ಹೆಂಗಸು," ಎಂದೆ. ಬಸುರಿಯ ಕಿವಿಗೆ ಸಾವಿನ ಸುದ್ದಿ ಹಾಕಬಾರದು ಎಂದು ನಾನು ಕೇಳುತ್ತಾ ಬೆಳೆದವಳು. ಗಾಬರಿಗೆ ನೋವು ಶುರುವಾದರೆ? ಮಗುವಿಗೆ ಏನಾದರೂ ಆದರೆ? ಗಂಡನ ಅಣ್ಣನ ಸಾವು, ನನಗೆ ಹತ್ತು ದಿನದ ಸೂತಕ. ಅದನ್ನು ಬಿಡುವ ಧೈರ್ಯವೂ ನನಗೆ ಇರಲಿಲ್ಲ. ದೇವರ ಪೆಟ್ಟಿಗೆ ಮುಟ್ಟಲಿಲ್ಲ. ನಿಮ್ಮಪ್ಪನ ಎದುರು ನಾನು ಮಾತಾಡುವುದೇ ಕಡಿಮೆ, ಆದರೂ "ದೀಪ ನೀವೇ ಹಚ್ಚಿಬಿಡಿ" ಎಂದೆ. ಅವರು ಯಾಕೆ ಎಂದು ಕೇಳಲಿಲ್ಲ. ಬೇರೆ ತಟ್ಟೆ, ಬೇರೆ ಚಾಪೆ ಇಟ್ಟುಕೊಂಡೆ. ಚಿಕ್ಕವಳೇ, ಅವಳ ಹೊಟ್ಟೆಯಲ್ಲಿದ್ದ ನಿನಗೆ ಮೈಲಿಗೆ ತಾಗಬಾರದೆಂದು ಅವಳ ತಲೆಗೆ ಎಣ್ಣೆ ಹಚ್ಚುವುದನ್ನೂ ಬಿಟ್ಟೆ.

ದೊಡ್ಡವಳೇ, ನೀನು ಮಡಿಲಿಗೆ ಬಂದರೆ "ಆಚೆ ಹೋಗು ಪುಟ್ಟಿ" ಅನ್ನುತ್ತಿದ್ದೆ. "ಅಜ್ಜಿ, ದೈಜೋಬು?" ಎಂದು ಕೇಳುತ್ತಿದ್ದೆ ನೀನು. ಹುಷಾರಾಗಿದ್ದೀಯಾ ಅಂತ. ಹೂಂ ಎಂದು ತಲೆಯಾಡಿಸುತ್ತಿದ್ದೆ.

ಶನಿವಾರ ಬೆಳಿಗ್ಗೆ ನಿಮ್ಮಮ್ಮ ನನ್ನ ಕೋಣೆಯ ಬಾಗಿಲನ್ನು ಒಂದು ಗೇಣು ಸರಿಸಿ ಆಚೆಯೇ ನಿಂತಳು. ಮನೆಯೊಳಗೇ ಮಾಸ್ಕ್ ಹಾಕಿಕೊಂಡಿದ್ದಳು.

"ಅಮ್ಮ, ಜ್ವರ ಯಾವತ್ತಿಂದ?"

"ಯಾವ ಜ್ವರ?"

"ಸುಳ್ಳು ಹೇಳ್ಬೇಡ. ಬೇರೆ ಕೂತು ಊಟ ಮಾಡ್ತೀಯ. ಪುಟ್ಟಿ ಹತ್ರ ಬಂದ್ರೆ ಓಡಿಸ್ತೀಯ. ಕಣ್ಣೆಲ್ಲ ಕೆಂಪು. ನಾನು ಹೆದರ್ತೀನಿ ಅಂತ ಮುಚ್ಚಿಡ್ತಿದ್ದೀಯ. ಆಸ್ಪತ್ರೆಗೆ ಫೋನ್ ಮಾಡಿದೆ."

ಆಸ್ಪತ್ರೆಯವರು ಹೇಳಿದ್ದನ್ನು ಅವಳು ಅಳು ತಡೆದುಕೊಂಡು ಹೇಳಿದಳು. ಮನೆಯಲ್ಲಿ ಕೊರೋನಾದ ಅನುಮಾನ ಇದ್ದರೆ ಅವಳನ್ನು ಅಲ್ಲಿಗೆ ಸೇರಿಸಿಕೊಳ್ಳುವುದಿಲ್ಲ. ನೋವು ಬಂದರೆ ಬೇರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ಆಪರೇಷನ್ ಮಾಡಿ ಮಗುವನ್ನು ತೆಗೆದು, ಎಲ್ಲ ಸರಿಯಿದೆ ಎಂದು ಗೊತ್ತಾಗುವ ತನಕ ತಾಯಿಗೆ ಕೊಡದೆ ಬೇರೆ ಇಡುತ್ತಾರೆ.

ಯಾವುದರಿಂದ ಅವಳನ್ನು ಕಾಯಬೇಕೆಂದು ಬಾಯಿ ಮುಚ್ಚಿಕೊಂಡಿದ್ದೆನೋ ಅದನ್ನೇ ನಾನು ಮನೆಯೊಳಗೆ ಕರೆದಿದ್ದೆ.

"ಜ್ವರ ಇಲ್ಲ ಕಣೇ. ಸೂತಕ."

ಅವಳು ಮಾಸ್ಕ್ ಕೆಳಗೆ ಸರಿಸಿದಳು. "ಯಾರು?"

"ದೊಡ್ಡಪ್ಪ."

"ಯಾವತ್ತು?"

"ಸೋಮವಾರ."

ಬಾಗಿಲು ಹಿಡಿದುಕೊಂಡೇ ಕೆಳಗೆ ಕೂತಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ನಾನು ಅವಳ ಮುಖ ಬಿಟ್ಟು ಆ ಕೈಯನ್ನೇ ನೋಡುತ್ತಿದ್ದೆ. ಈಗ ನೋವು ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದೆ.

"ಐದು ದಿನ," ಎಂದಳು. "ಮಂಗಳವಾರ ನಾನು ದೊಡ್ಡಪ್ಪನಿಗೆ ಮೆಸೇಜ್ ಹಾಕಿದೀನಿ ಅಮ್ಮ. ನೀನು ಕೊಟ್ಟ ಪದ ಕಳಿಸಿದ್ದೆ. ಯಾಕೆ ಉತ್ತರ ಬರ್ಲಿಲ್ಲ ಅಂತ ದಿನಾ ನೋಡ್ತಿದ್ದೆ."

"ನಿನಗೆ ಏನಾದ್ರೂ ಆದರೆ ಅಂತ..."

"ಅವನೂ ಹಾಗೇ ಅಂದ್ಕೊಂಡಿರ್ತಾನೆ, ಹಡಗು ಸಜ್ಜು ಮಾಡ್ಕೊಂಡೋನು. ಅವನಿಗೆ ದೇವರಾದ್ರೂ ಹೇಳಿ ಕಳಿಸಿದ್ದ. ನಿನಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಯಾವ ದೂತನೂ ಬಂದಿರಲಿಲ್ಲ. ನನ್ನ ಭಯವನ್ನೇ ನಾನು ದೇವರ ಅಪ್ಪಣೆ ಅಂದುಕೊಂಡಿದ್ದೆ. ಇವತ್ತಿಗೂ ಎರಡರ ಗುರುತು ನನಗೆ ಸರಿಯಾಗಿ ಸಿಕ್ಕುವುದಿಲ್ಲ.

ಅತ್ತು ಮುಗಿಸಿ ಅವಳು ಮತ್ತೆ ಆಸ್ಪತ್ರೆಗೆ ಫೋನ್ ಮಾಡಿದಳು. ಸೂತಕ ಎಂದರೇನು ಎಂದು ಜಪಾನಿಯಲ್ಲಿ ಹೇಗೆ ಹೇಳುತ್ತಾಳೋ, ಹುಚ್ಚರು ಅಂದುಕೊಳ್ಳುತ್ತಾರೋ ಎಂದು ನನಗೆ ಚಿಂತೆ. ಅವಳು ಎರಡು ವಾಕ್ಯ ಹೇಳುವುದರೊಳಗೆ ಆ ಕಡೆಯ ನರ್ಸ್ "ಆಆ, ಮೋಚೂ!" ಎಂದಳು. ಇವರ ಸೂತಕಕ್ಕೆ ಅದೇ ಹೆಸರಂತೆ. ಮನೆಯಲ್ಲಿ ಸಾವಾದರೆ ಇವರೂ ದೇವಸ್ಥಾನದ ಕೆಂಪು ಕಂಬದ ಬಾಗಿಲು ದಾಟುವುದಿಲ್ಲವಂತೆ. ನರ್ಸ್ ಸಮಾಧಾನದ ಮಾತು ಹೇಳಿದಳು. ಆದರೂ ನಿಯಮ ನಿಯಮವೇ. ಸೋಮವಾರದವರೆಗೆ ಎಲ್ಲರ ಜ್ವರ ದಿನಕ್ಕೆ ಎರಡು ಸಲ ನೋಡಿ ತಿಳಿಸಬೇಕು, ಆಮೇಲೆ ನೋಡೋಣ ಎಂದಳು.

ಆ ಎರಡು ದಿನ ಹೇಗೆ ಕಳೆದೆನೋ. ಥರ್ಮಾಮೀಟರು ಕಂಕುಳಲ್ಲಿಟ್ಟುಕೊಂಡರೆ ಹೆದರಿಕೆಗೇ ಮೈ ಬಿಸಿಯಾದ ಹಾಗೆ ಆಗುತ್ತಿತ್ತು. ಅಡುಗೆಮನೆಯ ಉರಿಯ ಹತ್ತಿರ ನಿಲ್ಲಲಿಲ್ಲ. ನಿಮ್ಮಮ್ಮ ಅಂಕಿ ಓದಿ ಬರೆದುಕೊಳ್ಳುತ್ತಿದ್ದಳು, ಬೇರೆ ಮಾತು ಆಡುತ್ತಿರಲಿಲ್ಲ. ಅವಳು ಎದ್ದರೆ ನೋವೇ, ಕೂತರೆ ನೋವೇ ಎಂದು ನನಗೆ ಅನುಮಾನ. ಸೋಮವಾರ ಸಂಜೆ ಆಸ್ಪತ್ರೆಯವರು ಸರಿ, ಬರಬಹುದು ಎಂದರು. ಮಂಗಳವಾರ ಬೆಳಿಗ್ಗೆ ನೋವು ಶುರುವಾಯಿತು.

ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ, ಗಂಡನನ್ನೂ. ನಿಮ್ಮಪ್ಪ ಅವಳನ್ನು ಬಾಗಿಲಲ್ಲಿ ಬಿಟ್ಟು ವಾಪಸ್ ಬಂದರು. ನಾವು ಮೂವರೂ ಫೋನಿನ ಸುತ್ತ ಕೂತೆವು. ಮಧ್ಯಾಹ್ನ ಎರಡು ದಾಟಿದ ಮೇಲೆ ಅದು ರಿಂಗಾಯಿತು. ನಿಮ್ಮಪ್ಪ ಅದನ್ನು ನನ್ನ ಕೈಗೆ ಕೊಟ್ಟರು. ಅಮ್ಮನನ್ನೇ ಕೇಳುತ್ತಿದ್ದಾಳೆ ಎಂದರು.

"ಮೊದಲು ನೀನು ಹೇಳು," ಎಂದಳು. ದನಿ ಸೋತಿತ್ತು. "ಮನೇಲಿ ಏನಾಗಿದೆ? ಎಲ್ಲಾ ಹೇಳು."

ನಾನು ಎಲ್ಲವನ್ನೂ ಹೇಳಿದೆ. ಅನ್ನ ತಳ ಹಿಡಿಯಿತು. ಪುಟ್ಟಿ ಬಿದ್ದು ಮೊಣಕಾಲು ತರಚಿಕೊಂಡಳು, ಸ್ವಲ್ಪ ರಕ್ತ ಬಂತು. ನಿನ್ನ ಗಂಡ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನನಗೆ ಬಹಳ ಹೆದರಿಕೆ ಆಗುತ್ತಿದೆ.

"ಅಷ್ಟೇನಾ?"

"ಅಷ್ಟೇ. ದೇವರಾಣೆ ಅಷ್ಟೇ."

"ಸರಿ," ಎಂದಳು. "ಹೆಣ್ಣು ಮಗು ಅಮ್ಮ. ಇಲ್ಲೇ ನನ್ನ ಎದೆ ಮೇಲೆ ಮಲಗಿದಾಳೆ."