ಡಿಸೇಲ್ ಟಾಕಿಯ ತಳದ ಜೀವಗಳು

ಅಂಕೋಲೆ ಹತ್ತಿರದ ಕೇಣಿಯಲ್ಲಿರುವ ನನ್ನ ಅಕ್ಕನ ಮನೆಯವರದ್ದು ಒಂದು ಮೀನುಗಾರಿಕೆ ಬೋಟು. ಬಾವನೇ ಅದನ್ನು ನಡೆಸುವ ತಾಂಡೇಲ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವವರೆಗೆ ಬೋಟು ಕಟ್ಟಿದಲ್ಲೇ ಇತ್ತು. ಟಾಕಿಯಲ್ಲಿ ಅರ್ಧದಷ್ಟು ಡಿಸೇಲು ಉಳಿದಿತ್ತು. ಮತ್ತೆ ಕಡಲಿಗೆ ಇಳಿದ ಮೊದಲ ದಿನವೇ, ದಡ ಕಾಣದಷ್ಟು ದೂರದಲ್ಲಿ ಇಂಜಿನ್ ತಡೆತಡೆದು ಓಡಿ ನಿಂತುಬಿಟ್ಟಿತು. ಬೇರೆ ಬೋಟಿನವರು ಹಗ್ಗ ಕಟ್ಟಿ ಎಳೆದು ಕಾರವಾರದ ಬಂದರಿಗೆ ತಂದು ಮುಟ್ಟಿಸಿದರು.

ನಾನಿರುವುದು ಕಾರವಾರದ ಕೋಡಿಬಾಗದಲ್ಲಿ, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಸುದ್ದಿ ಕೇಳಿ ಬಂದರಿಗೆ ಹೋದಾಗ ಅಕ್ಕ ಆಗಲೇ ಬಂದಿದ್ದಳು. ಮೆಕ್ಯಾನಿಕ್ ಬಿಚ್ಚಿ ತೆಗೆದ ಫಿಲ್ಟರಿನ ತುಂಬ ಕಪ್ಪು ಲೋಳೆ ಮೆತ್ತಿಕೊಂಡಿತ್ತು.

"ಬಂಕಿನವ ಎಂತದೋ ಕಲಬೆರಕೆ ಮಾಡಿದ್ದಾನೆ. ಈಗಲೇ ಹೋಗಿ ಕೇಳೂಕೇ ಬೇಕು" ಎಂದಳು ಅಕ್ಕ.

"ತಡಿಯೇ ಮಾರಾಯ್ತಿ" ಎಂದರು ಬಾವ. "ಅದೇ ಡಿಸೇಲು ಉಳಿದವರೂ ಹಾಕಿದ್ದಾರೆ. ಅವರ ಬೋಟು ಓಡ್ತಾ ಅದೆ ಅಲಾ."

ಮೆಕ್ಯಾನಿಕ್ ಟಾಕಿಯ ತಳದಿಂದ ಒಂದು ಬಕೆಟ್ ಎಳೆದು ತೆಗೆದ. ಸ್ವಲ್ಪ ಹೊತ್ತಿನಲ್ಲಿ ಡಿಸೇಲು ಮೇಲೆ, ನೀರು ಕೆಳಗೆ ನಿಂತಿತು. ಎರಡರ ನಡುವೆ ಹಾಲಿನ ಕೆನೆಯಂತೆ ಕಂದು ಪದರ. ಡಿಸೇಲಿನ ವಾಸನೆಯ ಅಡಿಯಲ್ಲಿ ಕೊಳೆತ ಮೊಟ್ಟೆಯ ನಾತ ಬಂತು. ಇದು ಬರೀ ಕಲಬೆರಕೆಯಲ್ಲ ಎನ್ನಿಸಿತು. ಕೇಳಿ ಒಂದು ಬಾಟಲಿ ತುಂಬಿಸಿಕೊಂಡೆ.

ಮರುದಿನ ಅಕ್ಕನನ್ನೂ ಪ್ರಯೋಗಾಲಯಕ್ಕೆ ಕರೆದೊಯ್ದೆ. ಕಂದು ಪದರದ ಕೆಳಗಿನ ನೀರಿನ ಹನಿಯನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಅಕ್ಕಿಯ ನುಚ್ಚಿನಂಥ ಸಣ್ಣ ಕಡ್ಡಿಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ಎಷ್ಟೋ ವರ್ಷ ಪಾಠದಲ್ಲಿ ಒಂದೇ ಮಾತಿನಲ್ಲಿ ದಾಟಿಸಿದ್ದ ಸಂಗತಿ ಕಣ್ಣೆದುರು ಈಜುತ್ತಿತ್ತು. ಅಕ್ಕನಿಗೆ ಜಾಗ ಬಿಟ್ಟೆ.

"ಇವಕ್ಕೆ ಜೀವ ಅದ್ಯಾ?"

"ಹೌದು ಅಕ್ಕಾ, ಬ್ಯಾಕ್ಟೀರಿಯಾ."

"ಅದರೊಳಗೆ ಎಂತಾ ತಿಂದು ಬದುಕ್ತವೆ?"

"ಡಿಸೇಲನ್ನೇ."

ನಾನು ತಮಾಷೆ ಮಾಡುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಅವಳು ಒಮ್ಮೆ ನನ್ನ ಮುಖ ನೋಡಿ, ಮತ್ತೆ ಬಗ್ಗಿದಳು.

ನನಗೆ ತಿಳಿದಷ್ಟು ಹೇಳಿದೆ. ಟಾಕಿ ಅರ್ಧ ಖಾಲಿಯಿದ್ದರೆ ಮಳೆಗಾಲದ ತೇವದ ಗಾಳಿ ಒಳಗೆ ಹನಿಗಟ್ಟಿ ತಳ ಸೇರುತ್ತದೆ. ಮುಚ್ಚಳ ಸಡಿಲವಿದ್ದರೆ ಉಪ್ಪುನೀರೂ ಇಳಿಯುತ್ತದೆ. ಆ ನೀರಿನಲ್ಲಿ ಇವು ವಾಸ ಮಾಡಿ, ಮೇಲಿನ ಡಿಸೇಲು ತಿಂದು, ಲೋಳೆ ಕಟ್ಟಿ, ಆಮ್ಲ ಬಿಡುತ್ತವೆ. ಲೋಳೆಯ ಅಡಿಯಲ್ಲಿ, ಗಾಳಿ ತಾಗದ ಕಡೆ, ಇನ್ನೊಂದು ಜಾತಿ ಬೆಳೆಯುತ್ತದೆ. ಅದು ಸಮುದ್ರದ ನೀರಿನಲ್ಲಿರುವ ಸಲ್ಫೇಟನ್ನು ಆಮ್ಲಜನಕದ ಬದಲು ಉಸಿರಾಟಕ್ಕೆ ಬಳಸಿ ಆ ನಾರುವ ಅನಿಲ ಬಿಡುತ್ತದೆ. ಅದರಿಂದಲೇ ಕಬ್ಬಿಣ ಸವೆಯುತ್ತದೆ. ಜಗತ್ತಿನ ಗಾಳಿಯಲ್ಲಿ ಆಮ್ಲಜನಕ ತುಂಬುವ ಮೊದಲೇ ಇಂಥವು ಇದ್ದವಂತೆ.

ಬಂಕಿನ ಜಗಳದ ಮಾತು ಅಕ್ಕ ಮತ್ತೆ ಎತ್ತಲಿಲ್ಲ. ಬಾವ ಟಾಕಿ ಬಿಚ್ಚಿಸಿ ತೊಳೆಸಿದಾಗ ನಾವಿಬ್ಬರೂ ಹೋಗಿ ನೋಡಿದೆವು. ಗೋಡೆಗಳು ಗಟ್ಟಿಯಾಗಿಯೇ ಇದ್ದವು. ತಳದಲ್ಲಿ ಮಾತ್ರ ಬೆರಳ ತುದಿ ಕೂರುವಂಥ ದುಂಡನೆಯ ಕುಳಿಗಳು. ಒಂದು ಕುಳಿಯನ್ನು ವೆಲ್ಡರ್ ಮೊಳೆಯಿಂದ ಒತ್ತಿದ. ಮೊಳೆ ಆಚೆ ಬಂತು.

"ಕಣ್ಣಿಗೆ ಕಾಣದವು ಇಷ್ಟು ದಪ್ಪದ ಕಬ್ಬಿಣ ಕೊರೆದ್ವಲೆ" ಎಂದು ಅಕ್ಕ ಮೆಲ್ಲಗೆ ಹೇಳಿದಳು.

ತಳಕ್ಕೆ ಹೊಸ ತಗಡು ಬಿತ್ತು, ಒಳಗೆ ತುಕ್ಕು ತಡೆಯುವ ಬಣ್ಣ ಬಳಿದರು. ತೀರ ತಗ್ಗಿನ ಮೂಲೆಗೆ ನಲ್ಲಿ ಕೂರಿಸಿದರು. ಕಡಲಿಗೆ ಹೊರಡುವ ಮುಂಚೆ ಬಾವ ಅದನ್ನು ತಿರುಗಿಸಿ, ನಿಂತ ನೀರು ಹೋಗಿ ಬರೀ ಡಿಸೇಲು ಬರುವವರೆಗೆ ಬಿಡುತ್ತಾರೆ. ಮುಚ್ಚಳದ ರಬ್ಬರ್ ಬದಲಾಗಿದೆ. ಬೋಟು ಕಟ್ಟಿಹಾಕುವ ಮುನ್ನ ಟಾಕಿ ತುಂಬಿಸಿ, ಸೂಕ್ಷ್ಮಜೀವಿ ಕೊಲ್ಲುವ ಔಷಧಿಯನ್ನು ಅಳತೆಯಂತೆ ಹಾಕುತ್ತಾರೆ. ಆಮೇಲೆ ಫಿಲ್ಟರ್ ಕಟ್ಟಿಕೊಂಡಿಲ್ಲ.

ಬಾಟಲಿ ಇನ್ನೂ ನನ್ನ ಬಳಿ ಇದ್ದಾಗಲೇ ಒಂದು ಮಧ್ಯಾಹ್ನ, ಅಂಕೋಲೆ ಪೇಟೆಯಲ್ಲಿ ಮೀನು ಮಾರುವ ತನ್ನ ಗೆಳತಿಯರನ್ನು ಅಕ್ಕ ಕಾಲೇಜಿಗೆ ಕರೆತಂದಳು. ಅವರು ಬುಟ್ಟಿಗಳನ್ನು ವರಾಂಡದಲ್ಲಿಟ್ಟು, ಕೈ ತೊಳೆದು, ಒಬ್ಬೊಬ್ಬರಾಗಿ ಮೈಕ್ರೋಸ್ಕೋಪಿಗೆ ಬಗ್ಗಿ ನೋಡಿದರು. ಎಲ್ಲರಿಗಿಂತ ಹಿರಿಯಳು ಬಹಳ ಹೊತ್ತು ಏಳಲೇ ಇಲ್ಲ.

"ಎಂತಾ ಕಾಣ್ತದೆ ಅಜ್ಜಿ?" ಎಂದೆ.

"ಸಂತೆ ಕಾಣ್ತದೆ ಮಗಾ" ಎಂದಳು, ಕಣ್ಣು ತೆಗೆಯದೆ. "ಎಷ್ಟು ಗಡಿಬಿಡಿ ನೋಡು ಅವಕ್ಕೆ."