ನಾಣ್ಯ ಬೇಡ, ಕವಚ ಸಾಕು

ಪೊಟ್ಟಣ ಬಿಚ್ಚಿದವರು ಒಳಗಿನದನ್ನು ಇಟ್ಟುಕೊಂಡು ಹೊರಗಿನದನ್ನು ಎಸೆಯುವುದು ಲೋಕರೂಢಿ. ನಾನು ಅದರ ವಿರುದ್ಧ ಪಕ್ಷದವನು. ನಾಣ್ಯಸಂಗ್ರಾಹಕನೆಂದು ಬಂಟ್ವಾಳದ ಪೇಟೆಯಲ್ಲಿ ನನಗೊಂದು ಸುಳ್ಳು ಕೀರ್ತಿಯಿದೆ; ನಿಜಕ್ಕೂ ನಾನು ಕೂಡಿಡುವುದು ನಾಣ್ಯವನ್ನಲ್ಲ, ಅದರ ಕವಚವನ್ನು. ನಗಬೇಡಿ. ನಾಣ್ಯದ ಸಾಚಾತನವನ್ನೂ ಸ್ಥಿತಿಯನ್ನೂ ಪರೀಕ್ಷಿಸಿ, ದರ್ಜೆ ಕೊಟ್ಟು, ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಭದ್ರಪಡಿಸುವ ಸಂಸ್ಥೆಗಳು ವಿದೇಶಗಳಲ್ಲಿವೆ. ತಮ್ಮ ಕವಚ ಹೇಗಿರುತ್ತದೆಂದು ವ್ಯಾಪಾರಿಗಳಿಗೆ ತೋರಿಸಲು ಅವು ಆರಂಭದ ದಿನಗಳಲ್ಲಿ ಯಾವುದೋ ಚಿಲ್ಲರೆ ಕಾಸನ್ನು ಒಳಗಿಟ್ಟು, ‘ಸ್ಯಾಂಪಲ್’ ಎಂದು ಚೀಟಿ ಹಚ್ಚಿ ಪುಕ್ಕಟೆ ಹಂಚಿದವು. ಪುಕ್ಕಟೆ ಸಿಕ್ಕಿದ್ದನ್ನು ಹೆಚ್ಚಿನವರು ಉಳಿಸಿಕೊಳ್ಳಲಿಲ್ಲ. ಆದ್ದರಿಂದಲೇ ನನ್ನಂಥವರಿಗೆ ಅದರ ಮೇಲೆ ಕಣ್ಣು. ಕನ್ನಡ ಮೇಷ್ಟರಾಗಿದ್ದವರು ಅರ್ಥವನ್ನು ಬಿಟ್ಟು ಅಲಂಕಾರದ ಹಿಂದೆ ಬಿದ್ದರೆಂದು ಹೆಂಡತಿಯ ಆರೋಪ. ‘ಅರ್ಥ’ವೆಂದರೆ ಹಣವೂ ಹೌದಾದ್ದರಿಂದ ಆರೋಪ ಎರಡು ಪಟ್ಟು ನಿಜ.

ವೇಣೂರಿನ ಹಸನಬ್ಬರು ನನ್ನ ಹಳೆಯ ಸ್ನೇಹಿತರು. ದುಬಾಯಿಯ ಚಿನ್ನದಂಗಡಿಯೊಂದರಲ್ಲಿ ದುಡಿದು, ಊರಿಗೆ ಮರಳಿ ಬಟ್ಟೆ ಅಂಗಡಿ ಇಟ್ಟವರು. ಒಂದು ದಿನ ಅವರು ಮೊಬೈಲಿಗೆ ಕಳಿಸಿದ ಚಿತ್ರವನ್ನು ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದೆ. ದುಬಾಯಿಯ ಗಿರಾಕಿಯೊಬ್ಬ ಎಂದೋ ಕೊಟ್ಟದ್ದು, ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿತಂತೆ. ನಾನು ವರ್ಷಗಟ್ಟಲೆ ಅರಸುತ್ತಿದ್ದ, ಮೊತ್ತಮೊದಲ ಮಾದರಿಯ ಕವಚ!

“ಯಾರಿಗೂ ಕೊಡಬೇಡಿ, ನಾಳೆಯೇ ಬರ್ತೇನೆ” ಎಂದೆ.

“ನಿಮಗೇ ಮಾಷ್ಟ್ರೆ. ನನಗೆ ಅದರಲ್ಲಿ ಎಂಥ ಮಾಡ್ಲಿಕ್ಕುಂಟು?”

ನನಗೆ ಬೇಕಾದದ್ದು ಯಾವುದೆಂದು ಬಿಡಿಸಿ ಹೇಳಬೇಕೆಂದು ಹೊಳೆಯಲೇ ಇಲ್ಲ. ಮರುದಿನ ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ ವೇಣೂರಿಗೆ ಹೋದೆ. ಅಂಗಡಿಯ ಮೇಜಿನ ಮೇಲೆ ಬಿಳಿ ಕರವಸ್ತ್ರ. ಅದರ ನಡುವೆ, ತೊಳೆದು ಒರೆಸಿದ ಒಂದು ಚಿಲ್ಲರೆ ಕಾಸು.

“ಎಂಥ ಗಟ್ಟಿ ಪ್ಲಾಸ್ಟಿಕ್ ಮಾರಾಯ್ರೆ! ಸುತ್ತಿಗೆಯಲ್ಲಿ ಮೆಲ್ಲ ಮೆಲ್ಲ ಹೊಡೆದು ತೆಗೆದೆ. ಕಾಸಿಗೆ ಒಂದು ಗೀರು ಬೀಳ್ಲಿಲ್ಲ, ನೋಡಿ” ಎಂದರು ಹಸನಬ್ಬರು, ಹೆಮ್ಮೆಯಿಂದ.

“ಆ ಪ್ಲಾಸ್ಟಿಕ್?”

“ಅದನ್ನು ಬೆಳಿಗ್ಗೆಯೇ ಕಸದೊಟ್ಟಿಗೆ ಬೆಂಕಿಗೆ ಹಾಕಿ ಆಯ್ತು.”

ಕಾಸನ್ನು ಕೈಗೆತ್ತಿಕೊಂಡು ಹೊರಳಿಸಿ ನೋಡಿದೆ. ಆದರೆ ಜೀವಮಾನವಿಡೀ ಭಾಷೆ ಕಲಿಸಿದವನಿಗೆ ಮುಖವನ್ನು ಸುಮ್ಮನಿರಿಸುವ ವಿದ್ಯೆ ಒಲಿದಿರಲಿಲ್ಲ. ಹಸನಬ್ಬರ ನಗು ಮೆಲ್ಲನೆ ಇಳಿಯಿತು.

“ನಿಮಗೆ ಬೇಕಾದ್ದು ಅದುವಾ?”

“ಛೆ, ಇಲ್ಲ. ಕಾಸೇ ಬೇಕಾಗಿದ್ದದ್ದು” ಎಂದೆ. ಅವರು ನಂಬಲಿಲ್ಲ. ಚಹಾ ತರಿಸಿದರು, ಇಬ್ಬರೂ ಬಸ್ಸುಗಳ ಸಮಯದ ಬಗ್ಗೆ ಬಹಳ ಆಸಕ್ತಿಯಿಂದ ಮಾತನಾಡಿದೆವು.

ಕವಚಕ್ಕಾಗಿ ಮರುಗಿದ್ದು ಕೆಲವು ದಿನ ಮಾತ್ರ. ಅಂಥದು ಇನ್ನೊಂದು ಎಲ್ಲಿಯಾದರೂ ಸಿಕ್ಕೀತು. ನನ್ನನ್ನು ಸಂತೋಷಪಡಿಸಲೆಂದು ಸುತ್ತಿಗೆ ಹಿಡಿದು ಬೆವರಿದ ಮನುಷ್ಯನಿಗೆ ನಾನು ಕೊಟ್ಟ ಆ ಮುಖ ಮಾತ್ರ ಇನ್ನೂ ಚುಚ್ಚುತ್ತದೆ.

ಮೊನ್ನೆ ಅವರೇ ಕರೆದರು. ಅಂಗಡಿಯ ಅಟ್ಟದಲ್ಲಿ ಹಳೆಯ ತಗಡಿನ ಡಬ್ಬಿಯೊಂದು ಕಂಡಿತ್ತಂತೆ. ಹೋದೆ. ಡಬ್ಬಿ ಧೂಳಿನ ಸಮೇತ ಇದ್ದಲ್ಲೇ ಇತ್ತು. ಏನು ಕಂಡರೂ ಬಿಚ್ಚಿ ನೋಡದೆ ಸಮಾಧಾನವಿಲ್ಲದ ಹಸನಬ್ಬರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದರು.

“ನೀವೇ ತೆಗೆಯಿರಿ ಮಾಷ್ಟ್ರೆ. ನಾನು ಮುಟ್ಟಲಿಲ್ಲ.”

“ಬನ್ನಿ, ಒಟ್ಟಿಗೇ ತೆಗೆಯುವ” ಎಂದೆ.

ಅವರು ನಕ್ಕರು, ಹತ್ತಿರ ಬರಲಿಲ್ಲ.