ನೀಲಕ್ಕನ ಹಿಂದೆ ಟ್ರೇಲರ್, ಟ್ರೇಲರಿನ ಹಿಂದೆ ಸಂಗಪ್ಪನವರು

ನೀಲಕ್ಕ ಕ್ಯಾಂಪಿಂಗಿಗೆ ಹೊರಟಳೆಂದರೆ ಕೆನಡಾದ ನ್ಯೂಮಾರ್ಕೆಟ್ ಎಂಬ ಊರಿನ ನಮ್ಮ ಬೀದಿಯಲ್ಲಿ ಒಂದು ಸಣ್ಣ ಮೆರವಣಿಗೆಯೇ ಹೊರಡುತ್ತಿತ್ತು. ಮುಂದೆ ಅವಳ ಕಡುನೀಲಿ ಪಿಕಪ್ ಟ್ರಕ್ಕು. ಅದಕ್ಕೆ ಕಟ್ಟಿಕೊಂಡು ನಮ್ಮ ಲಿವಿಂಗ್ ರೂಮಿಗಿಂತ ಉದ್ದದ ಬಿಳಿ ಟ್ರೇಲರ್. ಅದರ ಹಿಂದೆ, ಸ್ವಲ್ಪ ಅಂತರ ಬಿಟ್ಟು, ಒಂದು ಸಣ್ಣ ಬೂದು ಬಣ್ಣದ ಕಾರಿನಲ್ಲಿ ಅವಳ ಗಂಡ ಸಂಗಪ್ಪನವರು. ಟ್ರಕ್ಕಿನಲ್ಲಿ ನೀಲಕ್ಕನ ಪಕ್ಕದ ಸೀಟಿನ ಮೇಲೆ ಚಹಾದ ಥರ್ಮಾಸು ಮತ್ತು ಅವಲಕ್ಕಿ ಚೂಡಾ ತುಂಬಿದ ಸ್ಟೀಲಿನ ಡಬ್ಬಿ ಕೂತಿರುತ್ತಿದ್ದವು. ಒಂದೇ ಮನೆಯಿಂದ ಒಂದೇ ಊರಿಗೆ ಹೊರಟ ಗಂಡ ಹೆಂಡತಿ ಎರಡು ಗಾಡಿಯಲ್ಲಿ ಯಾಕೆ ಹೋಗುತ್ತಾರೆಂದು ಕೇಳದವರು ನಮ್ಮ ಕನ್ನಡದವರಲ್ಲಿ ಒಬ್ಬರೂ ಇರಲಿಲ್ಲ.

ಬೈಲಹೊಂಗಲದ ಕಡೆಯವಳು ನೀಲಕ್ಕ. ಈ ಊರಿನಲ್ಲಿ ಬಹಳ ವರ್ಷ ಸ್ಕೂಲ್ ಬಸ್ಸು ಓಡಿಸಿದವಳು. ಎದುರು ಮನೆಗೆ ನಾವು ಬಂದ ಹೊಸತರಲ್ಲಿ ನಾನು ಮೈಸೂರಿನ ಅಭ್ಯಾಸದಂತೆ "ನೀವು, ತಾವು" ಎಂದು ಮಾತಾಡಿಸಿದಾಗ, ಅಕ್ಕ ಅಂದ ಮೇಲೆ ಬಹುವಚನ ಯಾಕೆ, ನಾನೇನು ನಿಮ್ಮ ಹೆಡ್‌ಮೇಡಮ್ಮೇ ಎಂದು ಅವಳೇ ಅದನ್ನು ಬಿಡಿಸಿದ್ದಳು. ಬಸ್ಸಿನ ಕೆಲಸದಿಂದ ನಿವೃತ್ತಳಾದ ವರ್ಷ ಟ್ರೇಲರ್ ತಂದು ಡ್ರೈವ್‌ವೇಯಲ್ಲಿ ನಿಲ್ಲಿಸಿದಳು. ನೋಡಲು ಹೋದ ನನಗೆ ಬಾಗಿಲು ತೆಗೆದು ತೋರಿಸುತ್ತ, "ರಿಟೈರ್ ಆದ್ರ ಎಲ್ಲಾರೂ ಮನಿ ಕೆಳಗ ಬೇಸ್‌ಮೆಂಟ್ ಮಾಡಸ್ತಾರ. ನಾ ಮನೀಗೆ ಗಾಲಿ ಹಚ್ಚೇನಿ" ಎಂದಿದ್ದಳು. ಒಳಗೆ ಮಂಚ, ಬಚ್ಚಲು, ಹಿಂದಿನ ಗೋಡೆಗೆ ಆತುಕೊಂಡು ಅಡುಗೆಮನೆ. ನನಗೆ ಹೊಟ್ಟೆಕಿಚ್ಚಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಟ್ರೇಲರನ್ನು ಟ್ರಕ್ಕಿಗೆ ಕೂಡಿಸುವಾಗ ನೀಲಕ್ಕ ಬೇರೆಯೇ ಹೆಂಗಸು. ಟ್ರಕ್ಕಿನ ಹಿಂದಿನ ಕಬ್ಬಿಣದ ಗುಂಡಿನ ಮೇಲೆ ಟ್ರೇಲರಿನ ಕೊಂಡಿ ಕೂತಿತೇ, ಪಿನ್ನು ಬಿತ್ತೇ, ಸರಪಣಿಗಳು ಕೆಳಗೆ ಕತ್ತರಿ ಹಾಕಿಕೊಂಡಿವೆಯೇ, ದೀಪದ ವೈರು ಸಿಕ್ಕಿದೆಯೇ ಎಂದು ಒಂದೊಂದನ್ನೂ ಕೈಯಿಂದ ಮುಟ್ಟಿ ಮುಂದಕ್ಕೆ ಹೋಗುತ್ತಿದ್ದಳು. ನಡುವೆ ಯಾರಾದರೂ ಬಾಯಿ ಹಾಕಿದರೋ, ಮತ್ತೆ ಮೊದಲಿನಿಂದ. ಒಮ್ಮೆ ಕ್ಯಾಲ್ಗರಿಯಿಂದ ಮಗಳು ಫೋನು ಮಾಡಿದಾಗ ಅದನ್ನು ಹುಲ್ಲಿನ ಮೇಲೆ ಮಗುಚಿ ಇಟ್ಟು ಕೆಲಸ ಮುಂದುವರಿಸಿದ್ದನ್ನು ನಾನೇ ಕಂಡಿದ್ದೇನೆ. ನಮ್ಮತ್ತೆ ಮಡಿಯಲ್ಲಿರುವಾಗಲೂ ಇಷ್ಟು ಕಟ್ಟುನಿಟ್ಟಿರಲಿಲ್ಲ ಎಂದು ನಾನು ಛೇಡಿಸುತ್ತಿದ್ದೆ. ಆದರೆ ಈ ಮಡಿ ಹುಟ್ಟಿದ್ದು ಮೊದಲನೆಯ ಪ್ರವಾಸದ ನಂತರ. ಅದಕ್ಕೆ ಮುಂಚೆ ಅವಳೂ ನಮ್ಮಂತೆಯೇ ಇದ್ದಳು.

ಆ ಪ್ರವಾಸಕ್ಕೆ ಹೊರಟಿದ್ದು ಮೂರು ಮನೆಯವರು. ಉತ್ತರಕ್ಕೆ ಪ್ಯಾರಿ ಸೌಂಡ್ ಎಂಬ ಊರಿನ ಆಚೆ ಒಂದು ಕೆರೆ, ಮೂರು ದಿನದ ರಜೆ. ನಮ್ಮ ಜನಕ್ಕೆ ಕ್ಯಾಂಪಿಂಗ್ ಎಂದರೆ ಮದುವೆ ಮನೆಯೇ ತಾನೆ. ಅಕ್ಕಿ ಮೂಟೆ, ಜೋಳದ ಹಿಟ್ಟಿನ ಚೀಲ, ಎಣ್ಣೆ ಕ್ಯಾನು, ಆಲೂಗಡ್ಡೆ, ಈರುಳ್ಳಿ, ಕುಕ್ಕರುಗಳು, ಕಬ್ಬಿಣದ ಹಂಚು, ಎರಡು ದೊಡ್ಡ ಪಾತ್ರೆಯಲ್ಲಿ ನನ್ನ ಇಡ್ಲಿ ಹಿಟ್ಟು. ಯಾರೋ ಚಟ್ನಿಗೆಂದು ಕಲ್ಲಿನ ಗ್ರೈಂಡರನ್ನೇ ಹೊತ್ತು ತಂದಿದ್ದರು. ಅಡುಗೆ ಸಾಮಾನು ಅಡುಗೆಮನೆಗಲ್ಲದೆ ಇನ್ನೆಲ್ಲಿಗೆ ಹೋಗಬೇಕು? ನೀಲಕ್ಕ ತಾನೇ ನಿಂತು, ಒಂದು ಚಮಚವೂ ಸದ್ದು ಮಾಡದ ಹಾಗೆ, ಎಲ್ಲವನ್ನೂ ಹಿಂದಿನ ಗೋಡೆಯ ಆ ಅಡುಗೆಮನೆಯಲ್ಲಿ ಜೋಡಿಸಿದಳು. ಅವತ್ತು ಸಂಗಪ್ಪನವರು ಹೆಂಡತಿಯ ಪಕ್ಕದ ಸೀಟಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ನಾವು ಎರಡು ಕಾರು ಹಿಂದೆ ಇದ್ದೆವು.

ಬ್ಯಾರಿ ಪಟ್ಟಣ ದಾಟಿದ ಮೇಲೆ ಹೈವೇ ಒಂದು ಕಡೆ ಇಳಿಜಾರಾಗುತ್ತದೆ. ದೊಡ್ಡ ಟ್ರಾನ್ಸ್‌ಪೋರ್ಟ್ ಲಾರಿಯೊಂದು ಅವರನ್ನು ಹಿಂದೆ ಹಾಕಿ ಹೋಯಿತು. ಅದರ ಗಾಳಿಗೆ ಟ್ರೇಲರಿನ ಬಾಲ ಎಡಕ್ಕೆ ಸರಿಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ. ಜರಡಿ ಹಿಡಿದಂತೆ ಒಂದೊಂದು ಸಲಕ್ಕೂ ಜಾಸ್ತಿ ಅಗಲ. ಮುಂದಿನ ಟ್ರಕ್ಕಿನ ಮೂತಿಯೂ ಅದರ ಜೊತೆ ಅಲುಗಾಡತೊಡಗಿತು. ನನ್ನ ಗಂಡ ರಾಘವೇಂದ್ರಾ ರಾಘವೇಂದ್ರಾ ಎನ್ನತೊಡಗಿದರು. ಆಮೇಲೆ ಅದು ಹೇಗೋ ನಿಧಾನವಾಯಿತು, ನೆಟ್ಟಗಾಯಿತು, ಮುಂದಿನ ಎಕ್ಸಿಟ್ಟಿನಲ್ಲಿ ಇಳಿಯಿತು.

ಒಂದು ಡೋನಟ್ ಅಂಗಡಿಯ ಪಾರ್ಕಿಂಗಿನಲ್ಲಿ ನೀಲಕ್ಕ ಟ್ರಕ್ಕಿನಿಂದ ಇಳಿದಳು. ಟ್ರೇಲರ್ ಮಾರಿದ ಅಂಗಡಿಯವನು ಹೇಳಿಕೊಟ್ಟದ್ದು ನೆನಪಿಗೆ ಬಂತಂತೆ: ಹಿಂದಿನದು ತೂರಾಡಿದರೆ ಬ್ರೇಕು ತುಳಿಯಬಾರದು, ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟಿಯರಿಂಗನ್ನು ನೆಟ್ಟಗೆ ಹಿಡಿಯಬೇಕು, ಟ್ರೇಲರಿಗೇ ಇರುವ ಬ್ರೇಕಿನ ಸಣ್ಣ ಹಿಡಿಯನ್ನು ಮಾತ್ರ ಕೈಯಿಂದ ಒತ್ತಬೇಕು. ಅಷ್ಟು ಮಾಡಿದ್ದಳು. ಭಾರವೆಲ್ಲ ಗಾಲಿಗಳ ಹಿಂದೆ ಕೂತರೆ ಬಾಲ ಅಂಕೆಗೆ ಸಿಗದೆಂದು ಅವನು ಹೇಳಿದ್ದು ಮಾತ್ರ ಅಡುಗೆಮನೆಯ ಮುಂದೆ ಮರೆತೇ ಹೋಗಿತ್ತು. "ಬಸ್ಸು ಹೇಳಿದಂಗ ಕೇಳತೈತಿ. ಇದು ಅತ್ತಿ ಇದ್ದಂಗ, ಹಿಂದ ಕುಂತ ಸಂಸಾರ ಎಳದಾಡತೈತಿ" ಎಂದಳು. ಅಲ್ಲೇ ಅಕ್ಕಿ, ಹಿಟ್ಟು, ಗ್ರೈಂಡರು ಎಲ್ಲ ಇಳಿಸಿ, ಮುಂಭಾಗದ ಮಂಚದ ಕೆಳಗೆ ತುಂಬಿದೆವು. ಅಂದಿನಿಂದ "ಭಾರ ಮುಂದಿರಬೇಕು, ಗಡಿಬಿಡಿ ಮನ್ಯಾಗಿರಬೇಕು" ಎಂಬುದು ಅವಳ ಗಾದೆಯಾಯಿತು. ಮಂಚದ ಕೆಳಗೆ ಅಕ್ಕಿಯಿಲ್ಲದಿದ್ದರೆ ನಿದ್ದೆಯೇ ಬರುವುದಿಲ್ಲವೆಂದು ಹೇಳಿಕೊಂಡು ನಗುತ್ತಿದ್ದಳು.

ಸಂಗಪ್ಪನವರು ಮಾತ್ರ ಆ ಸೀಟಿಗೆ ಮತ್ತೆ ಹತ್ತಲಿಲ್ಲ. ಅವತ್ತು ಅಲ್ಲಿಂದ ಮುಂದಕ್ಕೆ ನಮ್ಮ ಕಾರಿನಲ್ಲಿ ಬಂದರು. ಮುಂದಿನ ಸಲ ತಮ್ಮ ಕಾರು ತೆಗೆದರು. ಬಿಡಿ ಭಾಗಗಳ ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡಿ ರಿಟೈರಾದ, ಮಾತು ಕಡಿಮೆಯ ಮನುಷ್ಯ. ಸಡ್‌ಬರಿಯಿರಲಿ, ಕ್ವಿಬೆಕ್ಕಿರಲಿ, ಸಮುದ್ರದ ದಂಡೆಯವರೆಗೇ ಇರಲಿ, ಸ್ಪೀಕರಿಗೆ ಹಾಕಿದ ಫೋನಿನಲ್ಲಿ ಹಿಂದಿನಿಂದ ವರದಿ ಒಪ್ಪಿಸುತ್ತ ಬರುತ್ತಿದ್ದರು. ಯುಗಾದಿ ಕಾರ್ಯಕ್ರಮದಲ್ಲಿ ಗಂಡಸರೆಲ್ಲ ಸೇರಿ, ಹೆಂಡತಿ ಓಡಿಸುವ ಗಾಡಿ ಹತ್ತಲು ಪುಕ್ಕಲೇ ಎಂದು ರೇಗಿಸಿದರೆ, ಹೋಳಿಗೆ ಮುರಿಯುತ್ತ ಹೂಂ ಎನ್ನುತ್ತಿದ್ದರು.

ನೀಲಕ್ಕನಿಗೆ ಬೇಕಾಗಿದ್ದುದು ಒಂದೇ: ಆ ಸೀಟಿನಲ್ಲಿ ಅವರು ಕೂರಬೇಕು. ಟ್ರೇಲರ್ ತಂದದ್ದೇ ಅದಕ್ಕೆ. ಅವಳು ಬೆಳಗಿನ ಬಸ್ಸಿಗೆ ಹೊರಡುವಾಗ ಅವರು ರಾತ್ರಿ ಶಿಫ್ಟು ಮುಗಿಸಿ ಬಂದು ಮಲಗುತ್ತಿದ್ದ ಮನೆ ಅದು. ಇನ್ನಾದರೂ ಇಬ್ಬರೂ ಪಕ್ಕಪಕ್ಕ ಕೂತು ಒಂದೇ ಕಿಟಕಿಯಿಂದ ಊರು ನೋಡಬೇಕೆಂದು ಅವಳ ಲೆಕ್ಕ. "ಇಡೀ ಕೆನಡಾ ಒಬ್ಬಾಕೀನ ನೋಡಿದೆ. ರೀ, ಬಲಕ್ಕ ಮೂಸ್ ಜಿಂಕಿ ನಿಂತೈತಿ ನೋಡ್ರಿ ಅಂದ್ರ, ನೀ ರೋಡ್ ನೋಡು ಅಂತಾರ" ಎಂದು ಒಮ್ಮೆ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದಳು. ನಾನು ನಕ್ಕುಬಿಟ್ಟೆ. ಅವಳು ನಗುತ್ತಿಲ್ಲವೆಂದು ಆಮೇಲೆ ಗೊತ್ತಾಯಿತು.

ಹಾಗಾಗಿ ಒಂದು ದಿನ ನಾನೇ ಸಂಗಪ್ಪನವರನ್ನು ಕೇಳಿದೆ. ಅವರು ಟ್ರೇಲರಿನ ಗಾಲಿ ತೊಳೆಯುತ್ತಿದ್ದರು. ಅಷ್ಟು ಭಯವೇ ಎಂದೆ. ಪೈಪು ಬಂದ್ ಮಾಡಿ ನನ್ನ ಕಡೆ ತಿರುಗಿದರು.

"ಅವತ್ತ ನಾ ಆಕಿ ಮಗ್ಗಲದಾಗ ಕುಂತಿದ್ನೆಲ್ಲ, ಏನ್ ಮಾಡಿದೆ? ಹಿಡಿಕಿ ಹಿಡಕೊಂಡ ಕುಂತೆ. ಹಿಂದ ಇದ್ರ ಗಾಲಿ ಕಾಣತಾವ, ಮೊದಲ ಹೇಳಾಕ ಬರತೈತಿ. ಅಂಜಬುರುಕ ಅಂದ್ರ ಅನ್ಲಿ. ಆಕೀಗೆ ಹೇಳಬ್ಯಾಡ ತಂಗಿ."

ನಾನು ಅವತ್ತೇ ಹೇಳಿದೆ. ಇಂಥ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಅಭ್ಯಾಸವಿಲ್ಲ. ನೀಲಕ್ಕ ಬಟಾಣಿ ಬಿಡಿಸುತ್ತಲೇ, ಅವರ ಹಟ ಅವರಿಗೆ ಎಂದಳು. ಸಂಗಪ್ಪನವರ ಮಾತೂ ಸುಳ್ಳಾಗಿರಲಿಲ್ಲ. ಅದರ ಮುಂದಿನ ಬೇಸಿಗೆಯಲ್ಲಿ ಟ್ರೇಲರಿನ ಒಂದು ಗಾಲಿಯಿಂದ ಹೊಗೆ ಏಳುತ್ತಿದ್ದುದನ್ನು ಅವರು ಹಿಂದಿನಿಂದ ಕಂಡು ಹೇಳದಿದ್ದರೆ, ಮುಂದೆ ಕೂತ ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ಇಬ್ಬರೂ ಸರಿಯಾಗಿರುವ ಜಗಳಕ್ಕೆ ಪಂಚಾಯಿತಿ ಮಾಡುವವರು ಯಾರು?

ಜಗಳ ಮುಗಿಸಿದ್ದು ಸಂಗಪ್ಪನವರ ಕಣ್ಣು. ನಡುವಿನ ನೋಟವೇ ಮಸುಕಾಗುತ್ತ ಬಂತು. ಇನ್ನು ಕಾರು ಓಡಿಸಬೇಡಿ ಎಂದು ಡಾಕ್ಟರು ಹೇಳಿದರು. ಆ ಜೂನಿನಲ್ಲಿ ಅವರು ಮೆಟ್ಟಿಲು ತಡಕಿಕೊಂಡು ಟ್ರಕ್ಕು ಹತ್ತಿ ಹೆಂಡತಿಯ ಪಕ್ಕ ಕೂತರು. ಥರ್ಮಾಸು, ಡಬ್ಬಿ ಹಿಂದಿನ ಸೀಟಿಗೆ ಹೋದವು. ಅಂತೂ ನೀಲಕ್ಕನ ಆಸೆ ತೀರಿತಲ್ಲ ಎಂದುಕೊಂಡು ನಾನು ಕೈಬೀಸಿದೆ. ಎರಡು ವಾರಕ್ಕೆಂದು ಹೋದವರು ನಾಲ್ಕೇ ದಿನಕ್ಕೆ ವಾಪಸಾದರು.

ಏನಾಯಿತೆಂದರೆ ಏನೂ ಆಗಿಲ್ಲ ಎಂದಳು. ಆಮೇಲೆ ತಾನೇ ಹೇಳಿದಳು. ಒಂದು ಇಳಿಜಾರಿನಲ್ಲಿ ಗಾಳಿ ಬೀಸುತ್ತಿತ್ತಂತೆ. ಅಭ್ಯಾಸಬಲದಿಂದ, ಹಿಂದ ಹ್ಯಾಂಗೈತ್ರಿ ಎಂದು ಕೇಳಿದಳಂತೆ, ಫೋನಿನಲ್ಲಿ ಕೇಳುವ ಹಾಗೆ ಗಟ್ಟಿಯಾಗಿ. ಪಕ್ಕದಲ್ಲೇ ಕೂತಿದ್ದ ಅವರು ಕನ್ನಡಿಯ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ, ನಂಗ ಕಾಣವಲ್ದು ಎಂದರಂತೆ. ಅಲ್ಲಿಂದ ಮುಂದೆ ಅವಳಿಗೆ ಒಂದು ಗಾವುದವೂ ಸುಖವಾಗಿ ಹೋಗಲಾಗಲಿಲ್ಲ. ಮಾರಿಬಿಡುತ್ತೇನೆ ಎಂದಳು. ನನಗೆ ಅವತ್ತು ನಿಜವಾಗಿ ಸಂಕಟವಾಯಿತು.

ಮಾರುವುದರಲ್ಲೂ ನೀಲಕ್ಕ ನೀಲಕ್ಕನೇ. ಮೊದಲು ಬಂದವನ ಗಾಡಿಯ ಬಾಗಿಲು ತೆಗೆಸಿ, ಗಾಡಿ ಎಷ್ಟು ಭಾರ ತಾಳುತ್ತದೆಂದು ಚೌಕಟ್ಟಿಗೆ ಅಂಟಿಸಿದ ಚೀಟಿಯನ್ನು ಓದಿಸಿದಳು. ಈ ಟ್ರೇಲರಿಗೆ ಅದು ಸಾಲದಾಗಿತ್ತು. ಜಾಹೀರಾತಿನಲ್ಲಿ ಇಷ್ಟು ಎಳೆಯುತ್ತದೆ ಎಂದು ಬರೆದಿದ್ದಾರೆ ಎಂದು ಅವನು ವಾದಿಸಿದ. ಜಾಹೀರಾತಿನಲ್ಲಿ ನಿನ್ನ ಹೆಂಡತಿ ಮಕ್ಕಳು ಕೂತಿಲ್ಲವಲ್ಲ ಎಂದು ಇಂಗ್ಲಿಷಿನಲ್ಲೇ ಹೇಳಿ ಕಳಿಸಿಬಿಟ್ಟಳು. ಕೊನೆಗೆ ತಕ್ಕ ಟ್ರಕ್ಕಿದ್ದ, ಪಕ್ಕದ ಅರೋರಾ ಊರಿನ ಒಂದು ಪಂಜಾಬಿ ಜೋಡಿಗೆ ಕೊಟ್ಟಳು. ಮುಂದಿನ ವಸಂತದಲ್ಲಿ ಮನೆಯನ್ನೂ ಬಿಟ್ಟು ಇಬ್ಬರೂ ಕ್ಯಾಲ್ಗರಿಯ ಮಗಳ ಊರಿಗೆ ಹೋದರು. ಈಗ ಎದುರು ಮನೆಯಲ್ಲಿ ಬೇರೆ ಯಾರೋ ಇದ್ದಾರೆ, ಒಳ್ಳೆಯವರೇ. ನೀಲಕ್ಕನನ್ನು ನೆನೆದರೆ ನನ್ನ ಕಣ್ಣಿಗೆ ಬರುವುದು ಟ್ರೇಲರ್ ಹೋದ ಆ ಸಂಜೆ.

ಆ ಜೋಡಿ ಟ್ರೇಲರ್ ಕಟ್ಟಿಕೊಂಡು ಬೀದಿಯ ತಿರುವಿಗೆ ಹೋಗುತ್ತಿದ್ದಂತೆ ನೀಲಕ್ಕ ಒಳಗಿನಿಂದ ಕೀಲಿಕೈ ತಂದಳು. ಏಳ್ರಿ ಎಂದು ಗಂಡನನ್ನು ಟ್ರಕ್ಕಿಗೆ ಹತ್ತಿಸಿ, ಆ ಟ್ರೇಲರಿನ ಹಿಂದೆಯೇ ಹೊರಟಳು. ಎಲ್ಲಿಗೆ ಎಂದು ನಾನು ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಹೈವೇ ಹತ್ತುವವರೆಗೂ ಆ ಜೋಡಿಯನ್ನು ಕಳಿಸಿ, ಮುಕ್ಕಾಲು ಗಂಟೆಯ ಮೇಲೆ ಮರಳಿದರು. ನಾನು ಟ್ರಕ್ಕಿನ ಕಿಟಕಿಯ ಹತ್ತಿರ ಹೋದೆ. ನೀಲಕ್ಕ ಇಂಜಿನ್ನು ಆರಿಸಿದ್ದಳು, ಇಳಿದಿರಲಿಲ್ಲ.

"ಎಷ್ಟ ಅಗಲ ಐತೆವ್ವ ಅದು" ಎಂದಳು. "ಅದರ ಹಿಂದ ಹ್ವಾದ್ರ, ಮುಂದ ಟ್ರಕ್ ಐತೋ ಇಲ್ಲೋ ಅನ್ನೂದ ತಿಳಿಯಂಗಿಲ್ಲ. ಇಷ್ಟ ವರ್ಷ ಇವ್ರು ಬರೇ ಆ ಗ್ವಾಡಿ ನೋಡಕೋತ ಬಂದಾರ. ನಾ ಒಂದ ದಿನಾನೂ ಇವ್ರಿಗೆ ಕಂಡಿಲ್ಲ."

ಸಂಗಪ್ಪನವರು ಸೀಟ್‌ಬೆಲ್ಟಿನ ಗುಂಡಿಯನ್ನು ಬೆರಳಿನಿಂದ ಹುಡುಕುತ್ತಿದ್ದರು.

"ದನಿ ಕೇಳತಿತ್ತಲ್ಲ" ಎಂದರು.